ಕ್ರಾನಿಕ್ಲಿಂಗ್ ಅಮೆರಿಕಾ ರಿವ್ಯೂ: ಹಳೇ ಲೈಟ್‌ವೇಟ್ ಬಾಕ್ಸರ್‌ಗಳ ಜಿದ್ದು ಓದ್ಬೇಕಂದ್ರೆ ಇಲ್ಲೇ ಓದಿ

ಹಳೇ ಕಾಲದ ಬಾಕ್ಸಿಂಗ್ ಬಗ್ಗೆ ಯಾರೇ ಕೇಳಿದ್ರೂ ನಾನು ಹೇಳೋದು ಇಷ್ಟೇ, ಯಾರು ಗೆದ್ರು ಯಾರು ಸೋತ್ರು ಅನ್ನೋ ರೆಕಾರ್ಡ್ ಪಟ್ಟಿ ಆಮೇಲೆ ನೋಡಿ, ಮೊದ್ಲು ಕ್ರಾನಿಕ್ಲಿಂಗ್ ಅಮೆರಿಕಾಗೆ ಹೋಗಿ. ಇದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ನಡೆಸೋ ಹಳೇ ಪೇಪರ್‌ಗಳ ಭಂಡಾರ. ನ್ಯಾಷನಲ್ ಎಂಡೋಮೆಂಟ್ ಫಾರ್ ದಿ ಹ್ಯುಮ್ಯಾನಿಟೀಸ್ ಅನ್ನೋ ಅಲ್ಲಿನ ಸರ್ಕಾರಿ ಸಂಸ್ಥೆ ದುಡ್ಡು ಕೊಡುತ್ತೆ, ಆಯಾ ರಾಜ್ಯದ ಲೈಬ್ರರಿಗಳು, ಯೂನಿವರ್ಸಿಟಿಗಳು ತಮ್ಮೂರಿನ ಪೇಪರ್‌ಗಳನ್ನ ಆರಿಸಿ ಸ್ಕ್ಯಾನ್ ಮಾಡಿಸಿ ಕೊಡ್ತಾವೆ. 2007ರಿಂದ ಎಲ್ಲರಿಗೂ ತೆರೆದಿದೆ, ಈಗ 2 ಕೋಟಿಗೂ ಜಾಸ್ತಿ ಪುಟ ಇದೆ. ಪೂರ್ತಿ ಫ್ರೀ, ಅಕೌಂಟ್ ಬೇಡ, ಪಾಸ್‌ವರ್ಡ್ ಬೇಡ, ಕಾರ್ಡ್ ನಂಬರ್ ಕೇಳಲ್ಲ, ನಮ್ಮ ದೇಶದಿಂದಾನೂ ಆರಾಮಾಗಿ ತೆರೆಯುತ್ತೆ, ಬೇಕಾದ ಪುಟಾನ ಪಿಡಿಎಫ್ ಮಾಡಿ ಇಳಿಸ್ಕೋಬೋದು. ದುಡ್ಡು ಕೇಳೋ ಬೇರೆ ಆರ್ಕೈವ್‌ಗಳು ಎಷ್ಟೋ ಇವೆ, ಆದ್ರೆ 1880ರಿಂದ 1920ರ ತನಕದ ಲೈಟ್‌ವೇಟ್ ಚಾಂಪಿಯನ್‌ಗಳನ್ನ ಓದೋಕೆ ಇದೊಂದು ಕೈಯಲ್ಲಿದ್ರೆ ತಿಂಗಳುಗಟ್ಟಲೆ ಬೇರೆ ಏನೂ ಬೇಕಾಗಲ್ಲ.

ಲೈಟ್‌ವೇಟೇ ಯಾಕೆ ಅಂದ್ರೆ, ಹೆವಿವೇಟ್‌ನೋರ ಹೆಸರು ಎಲ್ಲರಿಗೂ ಗೊತ್ತು, ಜಾಕ್ ಜಾನ್ಸನ್ ಗೊತ್ತು, ಡೆಂಪ್ಸಿ ಗೊತ್ತು. ಆದ್ರೆ ಅರವತ್ತು ಕೆಜಿ ತೂಗೋ ಈ ಸಣ್ಣ ಆಳುಗಳು ಏನೇನು ತಡ್ಕೊಂಡ್ರು, ಒಬ್ಬರನ್ನೊಬ್ಬರು ಎಷ್ಟು ವರ್ಷ ಬೆನ್ನು ಹತ್ತಿದ್ರು ಅನ್ನೋದು ತುಂಬ ಜನಕ್ಕೆ ಗೊತ್ತೇ ಇಲ್ಲ. ಈಗ ವರ್ಲ್ಡ್ ಟೈಟಲ್ ಫೈಟ್ ಅಂದ್ರೆ 12 ರೌಂಡ್. ಅದೂ ಹಂಗಾಗಿದ್ದು ಇದೇ ಲೈಟ್‌ವೇಟ್‌ನಲ್ಲಿ, 1982ರ ನವೆಂಬರ್‌ನಲ್ಲಿ ರೇ ಮಾನ್ಸಿನಿ ಎದುರು ಟೈಟಲ್‌ಗೆ ಹೋರಾಡಿದ ಕೊರಿಯಾದ ಕಿಮ್ ಡುಕ್-ಕೂ ತೀರ್ಕೊಂಡ, ಆಮೇಲೆ 15 ಇದ್ದದ್ದು 12ಕ್ಕೆ ಇಳೀತು. ಈಗ 1893ಕ್ಕೆ ಹೋಗಿ. ನ್ಯೂ ಆರ್ಲಿಯನ್ಸ್‌ನಲ್ಲಿ ಏಪ್ರಿಲ್ 6ನೇ ತಾರೀಕು ಆಂಡಿ ಬೋವೆನ್ ಮತ್ತೆ ಜಾಕ್ ಬರ್ಕ್ ಅನ್ನೋ ಇಬ್ಬರು ಲೈಟ್‌ವೇಟ್‌ಗಳು 110 ರೌಂಡ್ ಆಡಿದ್ರು, 7 ಗಂಟೆ 19 ನಿಮಿಷ, ಕೊನೆಗೆ ಇಬ್ಬರಿಗೂ ಕೈ ಎತ್ತೋಕೂ ಆಗದೆ ನಿಲ್ಲಿಸಬೇಕಾಯ್ತು, ಯಾರೂ ಗೆಲ್ಲಲಿಲ್ಲ. ಇದನ್ನ ಟ್ರಿವಿಯಾ ಥರ ಹೇಳಿ ಮುಂದೆ ಹೋಗೋರೇ ಜಾಸ್ತಿ. ಅದೇ ಬೋವೆನ್ ಮುಂದಿನ ವರ್ಷ ಡಿಸೆಂಬರ್‌ನಲ್ಲಿ, ಅದೇ ಊರಲ್ಲಿ, ಕಿಡ್ ಲವೀನ್ ಕೈಲಿ 18ನೇ ರೌಂಡ್‌ನಲ್ಲಿ ಏಟು ತಿಂದು ಬಿದ್ದ, ತಲೆ ಹೋಗಿ ಮರದ ನೆಲಕ್ಕೆ ಬಡೀತು, ಎಚ್ಚರ ಬರದೆ ಸತ್ತೋದ. ಪಟ್ಟಿಯಲ್ಲಿ ಇವೆರಡೂ ಬೇರೆ ಬೇರೆ ಸಾಲು. ತಾರೀಕು ಹಿಡ್ಕೊಂಡು ಪೇಪರ್ ಓದ್ತಾ ಹೋದ್ರೆ ಮಾತ್ರ ಇದು ಒಬ್ಬನೇ ಮನುಷ್ಯನ ಇಪ್ಪತ್ತು ತಿಂಗಳ ಕಥೆ ಅಂತ ಗೊತ್ತಾಗುತ್ತೆ, ಹೊಟ್ಟೆ ಕಿವುಚಿದಂಗಾಗುತ್ತೆ. ಈ ಸರ್ವಿಸ್‌ನ ದೊಡ್ಡ ಲಾಭ ಇದೇ, ದಿನದ ನಂತರ ದಿನ ಓದ್ಬೋದು.

ಅವರಿಗೂ ಹಿಂದಿನ ಜಾಕ್ ಮ್ಯಾಕಾಲಿಫ್ ಬಗ್ಗೆ ಜಾಸ್ತಿ ಬರೆಯಲ್ಲ, ಒಮ್ಮೆಯೂ ಸೋಲದೆ ರಿಟೈರ್ ಆದವನು ಅಂತ ಎಲ್ಲರೂ ಹೊಗಳ್ತಾರೆ, ಆದ್ರೆ 1887ರಲ್ಲಿ ಇಂಗ್ಲೆಂಡಿನ ಜೆಮ್ ಕಾರ್ನಿ ಜೊತೆ ಮ್ಯಾಸಚೂಸೆಟ್ಸ್‌ನ ರಿವೀರ್‌ನಲ್ಲಿ ಆಡಿದ 74 ರೌಂಡ್‌ನ ಫೈಟ್ ನೋಡಿ, ಮ್ಯಾಕಾಲಿಫ್ ಇನ್ನೇನು ಸೋತ ಅನ್ನೋವಾಗ ಅವನ ಕಡೆಯೋರೇ ರಿಂಗಿಗೆ ನುಗ್ಗಿದ್ರು, ರೆಫ್ರಿ ಡ್ರಾ ಅಂದುಬಿಟ್ಟ. ಸೋಲಿಲ್ಲದ ರೆಕಾರ್ಡ್ ಅಂದಾಗ ನನಗೆ ಕಾರ್ನಿ ನೆನಪಾಗ್ತಾನೆ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಈ ಆರ್ಕೈವ್ ಎಷ್ಟು ಒಳ್ಳೇದು ಅಂತ ಪರೀಕ್ಷೆ ಮಾಡೋಕೆ ಒಂದೇ ಫೈಟ್ ಸಾಕು, 1906 ಸೆಪ್ಟೆಂಬರ್ 3, ಸೋಮವಾರ, ಲೇಬರ್ ಡೇ ರಜ, ನೆವಾಡಾದ ಗೋಲ್ಡ್‌ಫೀಲ್ಡ್, ಜೋ ಗಾನ್ಸ್ ಎದುರು ಬ್ಯಾಟ್ಲಿಂಗ್ ನೆಲ್ಸನ್. ಗಾನ್ಸ್ ಬಾಲ್ಟಿಮೋರ್‌ನ ಕಪ್ಪು ಹುಡುಗ, 1874ರಲ್ಲಿ ಹುಟ್ಟಿದವನು, 1902ರ ಮೇ 12ರಂದು ಕೆನಡಾದ ಫೋರ್ಟ್ ಈರಿಯಲ್ಲಿ ಫ್ರಾಂಕ್ ಅರ್ನ್‌ನ ಮೊದಲನೇ ರೌಂಡಲ್ಲೇ ಮಲಗಿಸಿ ಲೈಟ್‌ವೇಟ್ ಚಾಂಪಿಯನ್ ಆದವನು. ನೆಲ್ಸನ್ ಕೋಪನ್‌ಹೇಗನ್‌ನಲ್ಲಿ ಹುಟ್ಟಿ ಶಿಕಾಗೋ ಅಂಚಿನ ಹೆಗೆವಿಶ್‌ನಲ್ಲಿ ಬೆಳೆದವನು. ಅವನಿಗೆ ಡಿಫೆನ್ಸ್ ಅನ್ನೋದೇ ಬೇಕಿರಲಿಲ್ಲ, ಒಂದು ಹೊಡೆಯೋಕೆ ಮೂರು ತಿನ್ನೋಕೆ ರೆಡಿ, ಹತ್ರ ಬಂದು ಲಿವರ್ ಮೇಲೆ ಕುಟ್ಟೋದೇ ಅವನ ಪಟ್ಟು.

ಗೋಲ್ಡ್‌ಫೀಲ್ಡ್ ಅನ್ನೋದು ಮರುಭೂಮಿಯಲ್ಲಿ ಚಿನ್ನ ಸಿಕ್ಕಿ ರಾತ್ರೋರಾತ್ರಿ ಎದ್ದ ಊರು, ಸಮುದ್ರ ಮಟ್ಟದಿಂದ 1,700 ಮೀಟರ್ ಮೇಲೆ. ಅಲ್ಲಿ ಸಲೂನ್ ಇಟ್ಕೊಂಡಿದ್ದ ಟೆಕ್ಸ್ ರಿಕಾರ್ಡ್‌ಗೆ ಊರಿನ ಹೆಸರು ದೇಶಕ್ಕೆಲ್ಲ ಗೊತ್ತಾಗ್ಬೇಕು, ಗಣಿ ಷೇರು ಮಾರಾಟ ಆಗ್ಬೇಕು ಅನ್ನೋ ಆಸೆ. ಫೈಟ್‌ಗೆ ಕೊಡೋ ದುಡ್ಡು ಅಂತ 30,000 ಡಾಲರ್ ಚಿನ್ನದ ನಾಣ್ಯ ತಂದು ಜನ ನೋಡೋ ಹಾಗೆ ಕಿಟಕಿಯಲ್ಲಿ ಜೋಡಿಸಿ ಇಟ್ಟ. ಅದೇ ವರ್ಷ ಏಪ್ರಿಲ್‌ನಲ್ಲಿ ಭೂಕಂಪ ಆಗಿ ಸ್ಯಾನ್ ಫ್ರಾನ್ಸಿಸ್ಕೋ ಸುಟ್ಟೋಗಿತ್ತು, ಬಾಕ್ಸಿಂಗ್‌ನ ರಾಜಧಾನಿ ಥರ ಇದ್ದ ಊರೇ ಇಲ್ಲ, ನೆವಾಡಾದಲ್ಲಿ 1897ರಿಂದ ಕಾನೂನು ಒಪ್ಪಿಗೆ ಇತ್ತು, ಹಂಗಾಗಿ ಅಲ್ಲಿಗೇ ಹೋಯ್ತು. ಇದೇ ಭೂಕಂಪದ ಮಾರನೇ ದಿನ ಕಾಲ್, ಕ್ರಾನಿಕಲ್, ಎಕ್ಸಾಮಿನರ್ ಮೂರೂ ಪೇಪರ್‌ನೋರು ಆಫೀಸು ಸುಟ್ಟು ಹೋಗಿ ಓಕ್ಲೆಂಡ್‌ಗೆ ಹೋಗಿ ಒಟ್ಟಿಗೆ ಒಂದೇ ಪೇಪರ್ ತಂದಿದ್ರು. ಅಂಥ ವರ್ಷದ ಸೆಪ್ಟೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕಾಲ್ ಪೇಪರ್‌ನೋರು ಈ ಫೈಟ್‌ಗೆ ಕೊಟ್ಟ ಜಾಗ ನೋಡಿದ್ರೆ ಆ ಕಾಲದ ಜನಕ್ಕೆ ಇದೆಷ್ಟು ದೊಡ್ಡದಾಗಿತ್ತು ಅಂತ ತಿಳಿಯುತ್ತೆ.

ಫೈಟ್ ದಿನದ ವರದಿಗಿಂತ ಅದಕ್ಕೆ ಹಿಂದಿನ ಎರಡು ವಾರ ಓದಿ, ಅದೇ ನನ್ನ ಸಲಹೆ. ಚಾಂಪಿಯನ್ ಗಾನ್ಸ್, ಆದ್ರೆ ಷರತ್ತು ಹಾಕಿದ್ದೆಲ್ಲ ನೆಲ್ಸನ್‌ನ ಮ್ಯಾನೇಜರ್ ಬಿಲ್ಲಿ ನೋಲನ್. ಗಾನ್ಸ್ ಆಗ ತನ್ನ ಹಳೇ ಮ್ಯಾನೇಜರ್ ಅಲ್ ಹರ್ಫರ್ಡ್‌ನ ಬಿಟ್ಟು ಬಂದಿದ್ದ, ಕೈಯಲ್ಲಿ ದುಡ್ಡಿಲ್ಲ, ಅದು ನೋಲನ್‌ಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ದುಡ್ಡಲ್ಲಿ ಹೆಚ್ಚುಕಮ್ಮಿ ಮೂರರಲ್ಲಿ ಎರಡು ಪಾಲು ಚಾಲೆಂಜರ್‌ಗೆ, ಚಾಂಪಿಯನ್‌ಗೆ ಒಂದೇ ಪಾಲು. ತೂಕ 133 ಪೌಂಡ್, ಅಂದ್ರೆ 60 ಕೆಜಿ ಚಿಲ್ಲರೆ, ಅದೂ ಫೈಟ್ ದಿನಾನೇ, ರಿಂಗಿಗೆ ಇಳಿಯೋ ಬಟ್ಟೆಯಲ್ಲೇ, ಒಂದಲ್ಲ ಮೂರು ಸಲ ತಕ್ಕಡಿ ಹತ್ತಬೇಕು. ಮೂವತ್ತು ದಾಟಿದ ಮನುಷ್ಯ, ಮರುಭೂಮಿ ಬಿಸಿಲು, ಮಧ್ಯಾಹ್ನ ಮೂರರ ಹೊತ್ತು, ತೂಕ ಹೆಚ್ಚಾಗುತ್ತೆ ಅಂತ ನೀರು ಕುಡಿಯೋಕೂ ಯೋಚನೆ ಮಾಡಬೇಕು. ರೌಂಡ್ ಲೆಕ್ಕ ಇಲ್ಲ, ಒಬ್ಬ ಬೀಳೋ ತನಕ ಹೋರಾಟ.

ಅದು 42 ರೌಂಡ್ ನಡೀತು. ವಿರಾಮ ಸೇರಿಸಿದ್ರೆ ಎರಡೂ ಮುಕ್ಕಾಲು ಗಂಟೆ. ಮೊದಲ ಹತ್ತಿಪ್ಪತ್ತು ರೌಂಡ್ ಗಾನ್ಸ್ ಪಾಠ ಮಾಡೋ ಮೇಷ್ಟ್ರ ಥರ ನೆಲ್ಸನ್‌ನ ಹೊಡೆದ, ಮುಖ ಒಡೆದೋಯ್ತು, ಕಿವಿ ಊದಿತ್ತು, ಆದ್ರೂ ಅವನು ಮುಂದೆ ಬರೋದು ನಿಲ್ಲಿಸಲಿಲ್ಲ. ನೆಲ್ಸನ್ ಕೆಳಗೆ ಬಿದ್ದಾಗ ಗಾನ್ಸ್ ಕೈ ಕೊಟ್ಟು ಎಬ್ಬಿಸಿದ ಅಂತ ವರದಿಗಳಲ್ಲಿ ಬರುತ್ತೆ. 33ನೇ ರೌಂಡಲ್ಲಿ ಗಾನ್ಸ್‌ನ ಬಲಗೈ ಮೂಳೆ ಮುರೀತು. ಅದನ್ನ ಎದುರಾಳಿಗೆ ತೋರಿಸದೆ ಇನ್ನೂ ಒಂಬತ್ತು ರೌಂಡ್ ಆಡಿದ. 42ನೇ ರೌಂಡಲ್ಲಿ ನೆಲ್ಸನ್ ಸೊಂಟದ ಕೆಳಗೆ ಹೊಡೆದ, ರೆಫ್ರಿ ಜಾರ್ಜ್ ಸೈಲರ್ ಅವನನ್ನ ಡಿಸ್‌ಕ್ವಾಲಿಫೈ ಮಾಡಿ ಗಾನ್ಸ್ ಕೈ ಎತ್ತಿದ. ಆ ಕಾಲದ ಅಮೆರಿಕದಲ್ಲಿ, ಸುತ್ತಲೂ ಸಾವಿರಾರು ಬಿಳಿಯರು ಕೂತಿರೋವಾಗ, ಒಬ್ಬ ಬಿಳಿ ರೆಫ್ರಿ ಕಪ್ಪು ಮನುಷ್ಯನ ಪರ ತೀರ್ಪು ಕೊಟ್ಟ, ಜನಾನೂ ಬಹುತೇಕ ಒಪ್ಪಿಕೊಂಡ್ರು. ಅಷ್ಟು ಸ್ಪಷ್ಟವಾಗಿತ್ತು ಅಂತ ಅರ್ಥ.

ಆಗ ರೇಡಿಯೋ ಇಲ್ಲ, ಟೆಲಿಗ್ರಾಫ್‌ನಲ್ಲಿ ರೌಂಡ್ ರೌಂಡಿಗೂ ಸುದ್ದಿ ಹೋಗ್ತಿತ್ತು, ಊರೂರಲ್ಲಿ ಪೇಪರ್ ಆಫೀಸ್ ಮುಂದೆ ಜನ ಗುಂಪು ಕಟ್ಟಿ ಕಾಯ್ತಿದ್ರು, ಅದೇ ರೌಂಡ್‌ವಾರು ವರದಿ ಮಾರನೇ ದಿನ ಅಚ್ಚಾಗ್ತಿತ್ತು. ನಲವತ್ತೆರಡು ರೌಂಡನ್ನೂ ಒಂದಾದ ಮೇಲೊಂದು ಓದೋವಾಗ ಇಪ್ಪತ್ತೈದರ ಹೊತ್ತಿಗೆ ಓದೋರಿಗೇ ಸುಸ್ತಾಗುತ್ತೆ, ಇನ್ನೂ ಹದಿನೇಳು ಇದೆಯಲ್ಲ ಅನ್ಸುತ್ತೆ. ಈ ಫೈಟನ್ನ ಮೈಲ್ಸ್ ಬ್ರದರ್ಸ್ ಕಂಪನಿ ಫಿಲ್ಮ್ ಕೂಡ ಮಾಡಿತ್ತು, ಉಳಿದಿರೋ ತುಣುಕುಗಳು ನೆಟ್‌ನಲ್ಲಿ ಸಿಗ್ತಾವೆ, ನೋಡಿ, ಆದ್ರೆ ಆ ಮಬ್ಬು ಚಿತ್ರದಲ್ಲಿ ಕೈ ಮುರಿದಿದ್ದು ಕಾಣಲ್ಲ, ತಕ್ಕಡಿ ಕಾಣಲ್ಲ, ನೋಲನ್‌ನ ಷರತ್ತು ಕಾಣಲ್ಲ.

ನನ್ನ ಅಭಿಪ್ರಾಯ ಇಲ್ಲೇ ಹೇಳಿಬಿಡ್ತೀನಿ. ಗಟ್ಟಿ ಪಿಂಡ ಅಂದ್ರೆ ಎಲ್ಲರೂ ನೆಲ್ಸನ್ ಹೆಸರು ಹೇಳ್ತಾರೆ, ಅವನ ಅಡ್ಡಹೆಸರೇ ಡ್ಯುರಬಲ್ ಡೇನ್, ಅಂದ್ರೆ ಸವೆಯದ ಡೆನ್ಮಾರ್ಕಿನವನು. ಏಟು ತಿನ್ನೋ ವಿಷಯದಲ್ಲಿ ಅವನಿಗೆ ಸಮಾನ ಇಲ್ಲ, ಒಪ್ತೀನಿ. ಆದ್ರೆ ಈ ಪೇಪರ್‌ಗಳನ್ನ ವಾರಗಟ್ಟಲೆ ಓದಿದ ಮೇಲೆ ನನಗೆ ಅವರಿಬ್ಬರಲ್ಲಿ ಗಾನ್ಸೇ ಗಟ್ಟಿ. ನೆಲ್ಸನ್‌ಗೆ ಎದುರಿಗಿದ್ದ ಒಬ್ಬನನ್ನ ತಡ್ಕೊಂಡ್ರೆ ಸಾಕಿತ್ತು. ಗಾನ್ಸ್ ತಕ್ಕಡಿ, ಷರತ್ತು, ಕಡಿಮೆ ದುಡ್ಡು, ಬಿಸಿಲು, ಮುರಿದ ಕೈ, ಬೈಗುಳ ಎಲ್ಲ ತಡ್ಕೊಂಡು ಕೈ ಕೊಟ್ಟು ಎಬ್ಬಿಸಿದ.

ಬೈಗುಳ ಅಂದೆನಲ್ಲ, ಅದನ್ನ ಸ್ವಲ್ಪ ವಿವರವಾಗಿ ಹೇಳ್ಬೇಕು, ಯಾಕಂದ್ರೆ ಈ ಸರ್ವಿಸ್ ಬಳಸೋರಿಗೆ ಇದು ಎಚ್ಚರಿಕೆ. ಪೇಪರ್‌ಗಳನ್ನ ಅಚ್ಚಾದ ಹಾಗೇ ಇಟ್ಟಿದ್ದಾರೆ, ಏನೂ ತಿದ್ದಿಲ್ಲ, ಅದು ಸರಿಯಾದ ಕೆಲಸಾನೇ. ಆದ್ರೆ ಕಪ್ಪು ಬಾಕ್ಸರ್‌ಗಳ ಬಗ್ಗೆ ಬಳಸಿರೋ ಮಾತು, ಹೆಡ್‌ಲೈನು, ಕಾರ್ಟೂನು ನೋಡಿದ್ರೆ ಮೈ ಉರಿಯುತ್ತೆ. ಹೊಗಳೋವಾಗ್ಲೂ ಅವಮಾನ ಮಾಡಿಯೇ ಹೊಗಳ್ತಾರೆ. 1904ರ ಅಕ್ಟೋಬರ್ 31ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜಿಮ್ಮಿ ಬ್ರಿಟ್ ಫೌಲ್ ಮಾಡಿ ಗಾನ್ಸ್‌ಗೆ ಐದನೇ ರೌಂಡಲ್ಲಿ ಸೋತ, ಸೋತ ಮೇಲೂ ಬಿಳಿಯರ ಲೈಟ್‌ವೇಟ್ ಚಾಂಪಿಯನ್ ಅಂತ ಹೇಳ್ಕೊಂಡು ಓಡಾಡ್ದ, ಪೇಪರ್‌ಗಳು ಅದನ್ನ ಗಂಭೀರವಾಗಿ ತಗೊಂಡ್ವು. ಆ ಇಲ್ಲದ ಟೈಟಲ್‌ಗೆ ಬ್ರಿಟ್ ಮತ್ತೆ ನೆಲ್ಸನ್ ಬಡಿದಾಡಿದ್ರು, 1904ರ ಡಿಸೆಂಬರ್‌ನಲ್ಲಿ 20 ರೌಂಡ್ ಬ್ರಿಟ್ ಗೆದ್ದ, 1905ರ ಸೆಪ್ಟೆಂಬರ್ 9ಕ್ಕೆ ಸ್ಯಾನ್ ಫ್ರಾನ್ಸಿಸ್ಕೋ ಪಕ್ಕದ ಕೋಲ್ಮಾದಲ್ಲಿ ನೆಲ್ಸನ್ 18ನೇ ರೌಂಡಲ್ಲಿ ಬ್ರಿಟ್‌ನ ನಾಕೌಟ್ ಮಾಡ್ದ. ಇದಕ್ಕೇ ನೆಲ್ಸನ್ ಕಡೆಯೋರು ಗೋಲ್ಡ್‌ಫೀಲ್ಡ್‌ನಲ್ಲಿ ಅಷ್ಟು ಜೋರು ಮಾಡಿದ್ದು. ಒಂದು ಕೆಲಸ ಮಾಡಿ, ಕಪ್ಪು ಜನರೇ ನಡೆಸ್ತಿದ್ದ ಪೇಪರ್‌ಗಳೂ ಇದರಲ್ಲಿವೆ, ವರ್ಜೀನಿಯಾದ ರಿಚ್ಮಂಡ್ ಪ್ಲಾನೆಟ್, ಶಿಕಾಗೋದ ಬ್ರಾಡ್ ಆಕ್ಸ್, ಸೇಂಟ್ ಪಾಲ್‌ನ ಅಪೀಲ್, ಅವನ್ನೂ ಪಕ್ಕದಲ್ಲಿ ಇಟ್ಕೊಂಡು ಓದಿ. ಗಾನ್ಸ್ ಬಗ್ಗೆ ಬಿಳಿಯರ ಪೇಪರ್‌ಗಳಲ್ಲಿ ಮಾತ್ರ ಓದಿದ್ರೆ ಅರ್ಧ ಮನುಷ್ಯ ಸಿಗ್ತಾನೆ ಅಷ್ಟೇ.

ಗಾನ್ಸ್ ಗೆದ್ದ ದುಡ್ಡಲ್ಲಿ ಬಾಲ್ಟಿಮೋರ್‌ನಲ್ಲಿ ಗೋಲ್ಡ್‌ಫೀಲ್ಡ್ ಅನ್ನೋ ಹೋಟ್ಲು ತೆಗೆದ, ಆಮೇಲೆ ದೊಡ್ಡ ಹೆಸರು ಮಾಡಿದ ಯೂಬಿ ಬ್ಲೇಕ್ ಅಲ್ಲಿ ಪಿಯಾನೋ ನುಡಿಸ್ತಿದ್ದ. 1907ರ ಸೆಪ್ಟೆಂಬರ್ 9ಕ್ಕೆ ಬ್ರಿಟ್‌ನ ಮತ್ತೆ ಸೋಲಿಸಿದ. ಆದ್ರೆ ಆ ಹೊತ್ತಿಗೆ ಕ್ಷಯ ಒಳಗೆ ಸೇರ್ಕೊಂಡಿತ್ತು ಅಂತ ಆಮೇಲೆ ಬರೆದೋರು ಹೇಳ್ತಾರೆ. 1908ರ ಜುಲೈ 4ಕ್ಕೆ ಕೋಲ್ಮಾದಲ್ಲಿ ನೆಲ್ಸನ್ 17ನೇ ರೌಂಡಲ್ಲಿ ಗಾನ್ಸ್‌ನ ಬೀಳಿಸಿದ, ಟೈಟಲ್ ಹೋಯ್ತು. ಎರಡೇ ತಿಂಗಳಿಗೆ, ಸೆಪ್ಟೆಂಬರ್ 9ಕ್ಕೆ, ಮತ್ತೆ ಅದೇ ಕೋಲ್ಮಾ, 21ನೇ ರೌಂಡ್, ಮತ್ತೆ ನಾಕೌಟ್. 1908ರ ಈ ವರದಿಗಳನ್ನ ಓದೋವಾಗ ಗಾನ್ಸ್‌ಗೆ ಆಗ ಇನ್ನು ಎರಡೇ ವರ್ಷ ಆಯಸ್ಸು ಉಳಿದಿತ್ತು ಅನ್ನೋದು ಮನಸಲ್ಲಿರಲಿ, ಪ್ರತಿ ಸಾಲಿನ ಅರ್ಥ ಬದಲಾಗುತ್ತೆ. ಜಿದ್ದು ಅಂದ್ರೆ ಇದು ನೋಡಿ, ಎರಡು ವರ್ಷದಲ್ಲಿ ಮೂರು ಫೈಟು, ಒಟ್ಟು 80 ರೌಂಡು, ಇಬ್ಬರೇ ಮನುಷ್ಯರು.

ನೆಲ್ಸನ್‌ನ ಮುಗಿಸಿದ್ದು ಅವನಂಥವನೇ ಇನ್ನೊಬ್ಬ. ಆಡ್ ವೋಲ್‌ಗಾಸ್ಟ್, ಮಿಷಿಗನ್‌ನ ಕ್ಯಾಡಿಲಾಕ್ ಊರಿನವನು, 22 ವಯಸ್ಸು, ಅವನೂ ತಲೆ ಬಗ್ಗಿಸಿ ಮುಂದೆ ನುಗ್ಗೋನೇ. 1910ರ ಫೆಬ್ರವರಿ 22, ಕ್ಯಾಲಿಫೋರ್ನಿಯಾದ ರಿಚ್ಮಂಡ್, 45 ರೌಂಡ್‌ಗೆ ಒಪ್ಪಂದ. ಗೋಲ್ಡ್‌ಫೀಲ್ಡ್ ಓದಿದ ಮೇಲೆ ಇದನ್ನ ಓದಿ, ವ್ಯತ್ಯಾಸ ಗೊತ್ತಾಗುತ್ತೆ. ಅಲ್ಲಿ ಒಬ್ಬನಾದ್ರೂ ಕಲಾವಿದ ಇದ್ದ, ಇಲ್ಲಿ ಇಬ್ಬರೂ ಹಿಂದೆ ಸರಿಯೋದು ಕಲೀಲೇ ಇಲ್ಲ. ತಲೆಯಲ್ಲಿ ಗುದ್ದೋದು, ಹಿಡ್ಕೊಂಡು ಹೊಡೆಯೋದು, ಮೊಣಕೈ, ಎಲ್ಲ ನಡೀತು. 22ನೇ ರೌಂಡಲ್ಲಿ ನೆಲ್ಸನ್ ವೋಲ್‌ಗಾಸ್ಟ್‌ನ ಕೆಡವಿದ, ಮುಗೀತು ಅಂದ್ಕೊಂಡ್ರು ಎಲ್ಲ, ಅವನು ಎದ್ದ. ಅಲ್ಲಿಂದ ಆಟ ತಿರುಗ್ತು. ಕೊನೆ ಕೊನೆಗೆ ನೆಲ್ಸನ್ ಕಣ್ಣು ಊದಿ ಮುಚ್ಚೋಗಿ ಎದುರಿಗಿರೋನೇ ಕಾಣ್ತಿರಲಿಲ್ಲ, ಆದ್ರೂ ಕೂರಲಿಲ್ಲ, 40ನೇ ರೌಂಡಲ್ಲಿ ರೆಫ್ರಿ ಎಡ್ಡಿ ಸ್ಮಿತ್ ಮಧ್ಯೆ ಬಂದು ನಿಲ್ಲಿಸಿದ. ನೆಲ್ಸನ್ ಅದಕ್ಕೂ ಜಗಳ ಆಡಿದ, ಯಾಕೆ ನಿಲ್ಲಿಸಿದ್ರಿ ಅಂತ. ಇಂಥ ಫೈಟ್‌ನ ಒಂದೇ ಪೇಪರಲ್ಲಿ ಓದಬೇಡಿ. ಒಂದು ಸ್ಯಾನ್ ಫ್ರಾನ್ಸಿಸ್ಕೋ ಕಾಲ್, ಒಂದು ಲಾಸ್ ಏಂಜಲಿಸ್ ಹೆರಾಲ್ಡ್, ಒಂದು ನ್ಯೂಯಾರ್ಕ್‌ನ ಈವ್ನಿಂಗ್ ವರ್ಲ್ಡ್, ಮೂರನ್ನೂ ಬೇರೆ ಬೇರೆ ಟ್ಯಾಬ್‌ನಲ್ಲಿ ತೆಗೆದು ಓದಿ. ಈವ್ನಿಂಗ್ ವರ್ಲ್ಡ್‌ನಲ್ಲಿ ರಾಬರ್ಟ್ ಎಡ್‌ಗ್ರೆನ್ ಬರೆಯೋದು ಮಾತ್ರ ಅಲ್ಲ, ಕಾರ್ಟೂನೂ ಬರೀತಿದ್ದ, ಅದು ನೋಡೋಕೇ ಒಂದು ಸಲ ಹೋಗ್ಬೇಕು.

ಒಂದಕ್ಕಿಂತ ಹೆಚ್ಚು ಪೇಪರ್ ಯಾಕೆ ಬೇಕು ಅನ್ನೋದಕ್ಕೆ ಒಳ್ಳೇ ಉದಾಹರಣೆ 1912ರ ಜುಲೈ 4, ಕ್ಯಾಲಿಫೋರ್ನಿಯಾದ ವರ್ನನ್, ವೋಲ್‌ಗಾಸ್ಟ್ ಎದುರು ಮೆಕ್ಸಿಕನ್ ಜೋ ರಿವರ್ಸ್. 13ನೇ ರೌಂಡಲ್ಲಿ ಇಬ್ಬರೂ ಒಂದೇ ಕ್ಷಣಕ್ಕೆ ಹೊಡೆದು ಇಬ್ಬರೂ ಬಿದ್ರು. ರೆಫ್ರಿ ಜಾಕ್ ವೆಲ್ಶ್ ಒಂದು ಕೈಯಲ್ಲಿ ವೋಲ್‌ಗಾಸ್ಟ್‌ನ ಎತ್ತಿ ಹಿಡ್ಕೊಂಡು ಇನ್ನೊಂದು ಕೈಯಲ್ಲಿ ರಿವರ್ಸ್‌ಗೆ ಹತ್ತು ಎಣಿಸಿದ! ರಿವರ್ಸ್‌ಗೆ ಬಿದ್ದ ಏಟು ಸೊಂಟದ ಕೆಳಗೆ ಅಂತ ಅವನ ಕಡೆಯೋರು, ಎಣಿಸಿ ಮುಗಿಯೋ ಮುಂಚೆ ರೌಂಡೇ ಮುಗಿದಿತ್ತು ಅಂತ ಟೈಮ್‌ಕೀಪರ್, ಎಲ್ಲ ಸರಿಯಾಗಿದೆ ಅಂತ ರೆಫ್ರಿ. ಯಾರು ಯಾವ ಪೇಪರಲ್ಲಿ ಏನು ಹೇಳಿದ್ರು ಅಂತ ಓದ್ತಾ ಹೋದ್ರೆ ನಿಮಗೇ ಒಂದು ತೀರ್ಪು ಬರುತ್ತೆ. ರಿವರ್ಸ್‌ಗೆ ಅನ್ಯಾಯ ಆಯ್ತು, ನನಗೆ ಅನುಮಾನಾನೇ ಇಲ್ಲ. ಅದೇ ವರ್ಷ ನವೆಂಬರ್‌ನಲ್ಲಿ ವಿಲ್ಲಿ ರಿಚಿ ಎದುರು ಫೌಲ್ ಮಾಡಿ ವೋಲ್‌ಗಾಸ್ಟ್ ಟೈಟಲ್ ಕಳ್ಕೊಂಡ.

ಇನ್ನೊಂದು ವಿಷಯ, ಪೇಪರ್ ಓದೋದು ಬಾಕ್ಸಿಂಗ್‌ಗೆ ಬೇರೆ ಆಟಕ್ಕಿಂತ ಯಾಕೆ ಮುಖ್ಯ ಅಂದ್ರೆ, ತುಂಬ ಕಡೆ ತೀರ್ಪು ಕೊಡ್ತಿದ್ದೋರೇ ಪೇಪರ್‌ನೋರು. ನ್ಯೂಯಾರ್ಕ್‌ನಲ್ಲಿ 1911ರಿಂದ 1917ರ ತನಕ ಫ್ರಾಲಿ ಕಾನೂನು ಇತ್ತು, ಹತ್ತೇ ರೌಂಡು, ಕೊನೇಲಿ ಯಾರು ಗೆದ್ರು ಅಂತ ರೆಫ್ರಿ ಹೇಳೋ ಹಾಗಿಲ್ಲ. ಬೆಟ್ಟಿಂಗ್ ಕಟ್ಟಿದೋರು ಮಾರನೇ ದಿನ ಪೇಪರಲ್ಲಿ ವರದಿಗಾರ ಏನು ಬರೆದಿದ್ದಾನೆ ಅಂತ ನೋಡಿ ಲೆಕ್ಕ ಚುಕ್ತಾ ಮಾಡ್ಕೋತಿದ್ರು. ನಾಕೌಟ್ ಆಗದೆ ಟೈಟಲ್ ಕೈ ಬಿಡಲ್ಲ, ಹಂಗಾಗಿ 1914ರಲ್ಲಿ ಲಂಡನ್‌ನಲ್ಲಿ ರಿಚಿನ ಸೋಲಿಸಿ ಚಾಂಪಿಯನ್ ಆದ ವೇಲ್ಸ್‌ನ ಫ್ರೆಡ್ಡಿ ವೆಲ್ಶ್ ಅಮೆರಿಕದಲ್ಲಿ ಹೆಚ್ಚುಕಮ್ಮಿ ಮೂರು ವರ್ಷ ಜಾಣತನದಿಂದ ಟೈಟಲ್ ಉಳಿಸ್ಕೊಂಡ. ನ್ಯೂಯಾರ್ಕ್ ಹುಡುಗ ಬೆನ್ನಿ ಲೆನರ್ಡ್ 1916ರಲ್ಲಿ ಎರಡು ಸಲ ಅವನ ಜೊತೆ ಆಡಿದ, ಏನೂ ಬದಲಾಗಲಿಲ್ಲ, 1917ರ ಮೇ 28ಕ್ಕೆ ಒಂಬತ್ತನೇ ರೌಂಡಲ್ಲಿ ಹಗ್ಗದ ಮೇಲೆ ನೇತಾಡೋ ಹಾಗೆ ಹೊಡೆದ ಮೇಲೇ ಟೈಟಲ್ ಸಿಕ್ಕಿದ್ದು. ಒಂದೇ ಫೈಟ್‌ಗೆ ಒಂದು ಪೇಪರು ಇವನು ಗೆದ್ದ, ಇನ್ನೊಂದು ಅವನು ಗೆದ್ದ ಅಂತ ಬರೆದಿರೋದು ಈ ಕಾಲದಲ್ಲಿ ಮಾಮೂಲು, ಪಟ್ಟಿಯಲ್ಲಿ ಯಾವುದೋ ಒಂದನ್ನ ಹಾಕಿರ್ತಾರೆ.

ಈಗ ಬಳಸೋದರ ಬಗ್ಗೆ. ಸ್ಕ್ಯಾನ್ ಮಾಡಿರೋದು ಹೆಚ್ಚಾಗಿ ಮೈಕ್ರೋಫಿಲ್ಮ್‌ನಿಂದ, ಹಂಗಾಗಿ ಕೆಲವು ಪುಟ ಕಪ್ಪು ಕಪ್ಪು, ಅಂಚು ಕತ್ತರಿಸಿರುತ್ತೆ. ಅಕ್ಷರ ಗುರುತಿಸೋದು ಕಂಪ್ಯೂಟರ್, ಸವೆದ ಅಚ್ಚಿನಲ್ಲಿ ಅದು ಎಡವುತ್ತೆ, ಸಣ್ಣ ಹೆಸರುಗಳು ಮೊದಲು ಕೆಡ್ತಾವೆ. ಗಾನ್ಸ್ ಅಂತ ಇಂಗ್ಲಿಷ್‌ನಲ್ಲಿ ಹಾಕಿ ಏನೂ ಸಿಗದಿದ್ರೆ ಬಿಡಬೇಡಿ, ನೆಲ್ಸನ್ ಹಾಕಿ, ಗೋಲ್ಡ್‌ಫೀಲ್ಡ್ ಹಾಕಿ, ಲೈಟ್‌ವೇಟ್ ಹಾಕಿ, ತಾರೀಕು ಫೈಟ್‌ನ ಹಿಂದೆ ಹತ್ತು ದಿನ ಮುಂದೆ ನಾಲ್ಕು ದಿನ ಅಂತ ಕಟ್ಟಿ. ಇದಕ್ಕಿಂತ ಒಳ್ಳೇ ದಾರಿ ಹುಡುಕೋದನ್ನೇ ಬಿಟ್ಟು ಪೇಪರ್ ಆರಿಸಿ, ತಾರೀಕು ಆರಿಸಿ, ಪುಟ ತಿರುವೋದು. ಆ ಕಾಲದಲ್ಲಿ ದೊಡ್ಡ ಫೈಟ್ ಇಡ್ತಿದ್ದಿದ್ದು ರಜಾ ದಿನ, ಜುಲೈ 4, ಲೇಬರ್ ಡೇ, ಥ್ಯಾಂಕ್ಸ್‌ಗಿವಿಂಗ್, ಜನವರಿ 1. ಫೆಬ್ರವರಿ 22 ವಾಷಿಂಗ್ಟನ್ ಹುಟ್ಟಿದ ದಿನ. ಮೇಲೆ ಸೆಪ್ಟೆಂಬರ್ 9 ಮೂರು ಸಲ ಬಂತಲ್ಲ, ಅದು ಕ್ಯಾಲಿಫೋರ್ನಿಯಾ ರಾಜ್ಯ ಆದ ದಿನ, ಆಗ ಅಲ್ಲಿ ರಜ ಇರ್ತಿತ್ತು. ಈ ದಿನಗಳ ಮಾರನೇ ದಿನದ ಪೇಪರ್ ತೆಗೆದ್ರೆ ಸುಮ್ನೆ ನೋಡಿದ್ರೂ ಏನೋ ಒಂದು ಸಿಗುತ್ತೆ.

ಮೊಬೈಲ್‌ನಲ್ಲಿ ಓದೋದು ಕಷ್ಟ ಅಂತ ನೇರವಾಗಿ ಹೇಳ್ತೀನಿ, ಆ ಕಾಲದ ಪೇಪರ್ ದೊಡ್ಡ ಹಾಳೆ, ಏಳೆಂಟು ಕಾಲಂ, ಸಾಸಿವೆ ಕಾಳಿನಷ್ಟು ಅಕ್ಷರ, ಜೂಮ್ ಮಾಡಿ ಎಳೆದಾಡಿ ಕಣ್ಣು ನೋಯುತ್ತೆ. ಲ್ಯಾಪ್‌ಟಾಪ್ ಇದ್ರೆ ಅದರಲ್ಲೇ ಓದಿ, ಇಲ್ಲಾಂದ್ರೆ ಪುಟ ಇಳಿಸ್ಕೊಂಡು ಬೇಕಾದ ಕಾಲಂ ಮಾತ್ರ ಕತ್ತರಿಸ್ಕೊಳ್ಳಿ. ಎಲ್ಲ ಊರಿನ ಎಲ್ಲ ಪೇಪರ್ ಇಲ್ಲ ಅನ್ನೋದೂ ಗೊತ್ತಿರಲಿ. ಕ್ಯಾಲಿಫೋರ್ನಿಯಾ ಪೇಪರ್‌ಗಳಿಗೆ ಮಾತ್ರ ಕ್ಯಾಲಿಫೋರ್ನಿಯಾ ಡಿಜಿಟಲ್ ನ್ಯೂಸ್‌ಪೇಪರ್ ಕಲೆಕ್ಷನ್ ಅಂತ ರಿವರ್‌ಸೈಡ್ ಯೂನಿವರ್ಸಿಟಿಯೋರು ನಡೆಸೋ ಇನ್ನೊಂದು ಫ್ರೀ ಸೈಟ್ ಇದೆ, ಅಲ್ಲಿ ಕಂಪ್ಯೂಟರ್ ತಪ್ಪಾಗಿ ಓದಿದ ಪದಗಳನ್ನ ಓದುಗರೇ ತಿದ್ದಬೋದು. ಕೋಲ್ಮಾ, ರಿಚ್ಮಂಡ್, ವರ್ನನ್ ಫೈಟ್‌ಗಳಿಗೆ ಎರಡನ್ನೂ ಜೊತೆಗೆ ಬಳಸಿ. 1914ರಲ್ಲಿ ಕ್ಯಾಲಿಫೋರ್ನಿಯಾದ ಜನ ಓಟು ಹಾಕಿ ನಾಲ್ಕು ರೌಂಡ್‌ಗಿಂತ ಹೆಚ್ಚಿನ ಫೈಟ್ ನಿಲ್ಲಿಸಿದ್ರು, 45 ರೌಂಡ್‌ಗಳ ಕಾಲ ಅಲ್ಲಿಗೆ ಮುಗೀತು, ಹಂಗಾಗಿ ಅಲ್ಲಿನ ಪೇಪರ್‌ಗಳಲ್ಲಿ ಓದೋದು ಅಲ್ಲಿ ತನಕ ಸಾಕು.

ಸ್ಟಾರ್ ಕೇಳಿದ್ರೆ 5ಕ್ಕೆ ನಾಲ್ಕೂವರೆ ಕೊಡ್ತೀನಿ, ಅರ್ಧ ಕಟ್ ಮಾಡಿದ್ದು ಅಕ್ಷರ ಗುರುತಿಸೋದರ ಗೋಳಿಗೆ.

ಎಲ್ಲಿಂದ ಶುರು ಮಾಡ್ಬೇಕು ಅಂತ ಕೇಳೋರಿಗೆ: 1906ರ ಆಗಸ್ಟ್ ಕೊನೇ ವಾರದಿಂದ ಸೆಪ್ಟೆಂಬರ್ 5ರ ತನಕ ಸ್ಯಾನ್ ಫ್ರಾನ್ಸಿಸ್ಕೋ ಕಾಲ್ ಓದಿ. ಆಮೇಲೆ 1908ರ ಜುಲೈ 5 ಮತ್ತೆ ಸೆಪ್ಟೆಂಬರ್ 10. ಅದಾದ್ಮೇಲೆ 1910ರ ಫೆಬ್ರವರಿ 23. ಅದೇ 1910ರ ಜುಲೈ 4ಕ್ಕೆ ರೀನೋದಲ್ಲಿ ಹೆವಿವೇಟ್ ಚಾಂಪಿಯನ್ ಜಾಕ್ ಜಾನ್ಸನ್ ಹಳೇ ಚಾಂಪಿಯನ್ ಜೆಫ್ರೀಸ್‌ನ ಸೋಲಿಸಿದ್ದು, ಆ ತಿಂಗಳು ಪೇಪರ್ ತುಂಬ ಅದೇ ಇರುತ್ತೆ. ಆ ಗದ್ದಲ ದಾಟಿ ಆಗಸ್ಟ್ ಎರಡನೇ ವಾರಕ್ಕೆ ಹೋಗಿ. ಒಣ ಹವೆಗೆ ಎದೆ ಸರಿಹೋಗಬೋದು ಅಂತ ಅರಿಜೋನಾದ ಪ್ರೆಸ್ಕಾಟ್‌ಗೆ ಹೋಗಿದ್ದ ಗಾನ್ಸ್, ಇನ್ನು ಆಗಲ್ಲ ಅಂತ ಗೊತ್ತಾದ ಮೇಲೆ ಅಮ್ಮನನ್ನ ನೋಡೋಕೆ ಟ್ರೇನ್ ಹತ್ತಿ ಬಾಲ್ಟಿಮೋರ್‌ಗೆ ವಾಪಸ್ ಬಂದ, ಆಗಸ್ಟ್ 10ಕ್ಕೆ ತೀರ್ಕೊಂಡ, 35 ವಯಸ್ಸು. ಅವನನ್ನ ಬದುಕಿದ್ದಾಗ ಹೀಯಾಳಿಸಿದ ಪೇಪರ್‌ಗಳು ಆ ವಾರ ಏನು ಬರೆದ್ವು ಅಂತ ನೀವೇ ತೆಗೆದು ಓದಿ, ಜೊತೆಗೆ ರಿಚ್ಮಂಡ್ ಪ್ಲಾನೆಟ್ ಕೂಡ. ವೋಲ್‌ಗಾಸ್ಟ್‌ನ ಕೊನೆ ಮಾತ್ರ ಈ ಪುಟಗಳಲ್ಲಿ ಹುಡುಕೋದು ಕಷ್ಟ, ಯಾಕಂದ್ರೆ ತಲೆಗೆ ಬಿದ್ದ ಏಟಿಂದ ಬುದ್ಧಿ ಕೆಟ್ಟು, ಇನ್ನೂ ತಾನೇ ಚಾಂಪಿಯನ್, ಮುಂದಿನ ಫೈಟ್‌ಗೆ ಟ್ರೈನಿಂಗ್ ಮಾಡ್ತಿದೀನಿ ಅಂತ ನಂಬ್ಕೊಂಡು ವರ್ಷಾನುಗಟ್ಟಲೆ ಕಳೆದು, 1955ರಲ್ಲಿ ಕ್ಯಾಲಿಫೋರ್ನಿಯಾದ ಕಮರಿಯೋ ಆಸ್ಪತ್ರೆಯಲ್ಲಿ ಸತ್ತ. ಆ ವರ್ಷಗಳ ಪೇಪರ್ ಇದರಲ್ಲಿ ಕಡಿಮೆ, ಅದಕ್ಕೆ ಬೇರೆ ಆರ್ಕೈವ್ ನೋಡ್ಕೋಬೇಕು.